ಅಕುನ್ನಾಳ ಅವಳಿ ಮಕ್ಕಳು

ಅಕುನ್ನಾಗೆ ಅವಳಿ ಮಕ್ಕಳಾಗಿವೆ ಎಂಬ ಸುದ್ದಿ ಚೀನಾದ ಗ್ವಾಂಗ್‌ಝೌನ ನಮ್ಮ ಬೀದಿಯಲ್ಲೆಲ್ಲ ಹರಡಿದಾಗ ಅವಳ ತೊಟ್ಟಿಲಿನಲ್ಲಿದ್ದದ್ದು ಒಂದೇ ಮಗು.

ಸುದ್ದಿ ಹುಟ್ಟಿದ ಬಗೆ ಹೀಗೆ. ಹೆರಿಗೆಯಾದ ಬೆಳಿಗ್ಗೆ ಅವಳ ಗಂಡ ಎಮೆನಿಕೆ ತನ್ನ ಚಪ್ಪಲಿ ಮಳಿಗೆಯ ಬಾಗಿಲು ತೆರೆಯಲು ಹೋದ. ಆಫ್ರಿಕಾದಿಂದ ಅವನಂತೆಯೇ ವ್ಯಾಪಾರಕ್ಕೆ ಬಂದ, ಮಾರುಕಟ್ಟೆಯ ಇಗ್ಬೊ ಗಂಡಸರು ಸುತ್ತುವರಿದು "ಏನಪ್ಪಾ, ಯಾವ ಮಗು?" ಎಂದರು. ನಿದ್ದೆಗೆಟ್ಟಿದ್ದ ಅವನು, ಏನಾದರೂ ಹೇಳಬೇಕಲ್ಲ ಎಂದು, "ಗಂಡು" ಎಂದುಬಿಟ್ಟ. ಅದೇ ಹೊತ್ತಿಗೆ, ಮಗುವನ್ನು ಪರೀಕ್ಷೆಗೆಂದು ಒಯ್ದಿದ್ದಾಗ, ಆಸ್ಪತ್ರೆಗೆ ಹೋಗಿದ್ದ ಹೆಂಗಸರು ಅಕುನ್ನಾಳನ್ನು ಅದೇ ಪ್ರಶ್ನೆ ಕೇಳಿದರು. ಅವಳು ಗೋಡೆಯ ಕಡೆ ತಿರುಗಿ "ಹೆಣ್ಣು" ಎಂದಳು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಗಂಡಸರೂ ಹೆಂಗಸರೂ ತಮ್ಮ ತಮ್ಮ ಸುದ್ದಿಯನ್ನು ಪಕ್ಕಪಕ್ಕ ಇಟ್ಟು ನೋಡಿದರು. ಎರಡೂ ಸರಿಯಲ್ಲದಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಎರಡೂ ಸರಿ ಎಂದುಕೊಂಡರು. ಹೆಂಗಸರ ಸಂಘದ ಮುಖ್ಯಸ್ಥೆ ಬೆನೆಡಿಕ್ಟಾ, ಮಗು ಹುಟ್ಟಿದಾಗ ಮಾಡುವ ಅವರ ಪದ್ಧತಿಯಂತೆ, ಅಲ್ಲೇ ಕೊರಳಿಗೆ ಪೌಡರ್ ಬಳಿದುಕೊಂಡು ಕುಣಿದಳಂತೆ. ಆ ಪೌಡರನ್ನು ಹೆಸರಿಡುವ ಹಬ್ಬದ ದಿನ ಹಂಚಬೇಕಾದವರು ಮಗು ಹುಟ್ಟಿದ ಮನೆಯವರು. ಅಷ್ಟು ದಿನ ಕಾಯಲಾಗದೆ ಅವಳೇ ಅಂಗಡಿಗೆ ಹೋಗಿ ಕೊಂಡು ತಂದಿದ್ದಳು.

"ಒಂದೇ ಮಗು ಅಂತ ಹೇಳಿಬಿಡು" ಎಂದೆ ನಾನು ಎಮೆನಿಕೆಗೆ.

"ಹೇಳಿದ್ರೆ ಮುಂದಿನ ಪ್ರಶ್ನೆ ಯಾವುದು ಅಂತ ಬರತ್ತೆ ಟೀಚರ್. ಅವಳಿ ಅಂದ್ರೆ ಆ ಪ್ರಶ್ನೇನೇ ಬರಲ್ಲ."

ಅದೂ ನಿಜವೇ.

ನಾನು ಅವರ ಎದುರು ಮನೆಯವಳು, ಯೂಲಾ. ಹುಟ್ಟಿದ್ದು ಟೊಬೇಗೊ ದ್ವೀಪದಲ್ಲಿ. ಇಲ್ಲಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತ ತಲೆಗೂದಲು ಬೆಳ್ಳಗಾಗತೊಡಗಿದೆ. ಇಗ್ಬೊ ಮಾತು ನನಗೆ ಪೂರ್ತಿ ಅರ್ಥವಾಗುತ್ತದೆ, ನಾನು ಆಡಿದರೆ ಮಾತ್ರ ಎಲ್ಲರೂ ನಗುತ್ತಾರೆ. ಚೀನೀ ಭಾಷೆ ಚೆನ್ನಾಗಿ ಬರುವುದರಿಂದ ಬೀದಿಯ ಆಫ್ರಿಕನ್ನರು ಪೊಲೀಸ್ ಠಾಣೆಗೆ, ಬ್ಯಾಂಕಿಗೆ, ಆಸ್ಪತ್ರೆಗೆ ಹೋಗುವಾಗ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಹೀಗಾಗಿ ಅಂದು ವೈದ್ಯೆ ಹೇಳಿದ್ದನ್ನು ಅಕುನ್ನಾಗೆ ದಾಟಿಸಬೇಕಾದವಳು ನಾನೇ ಆದೆ.

ವೈದ್ಯೆ ಒಳ್ಳೆಯವಳು. ಮಗುವಿನ ಪಾದವನ್ನು ಹಿಡಿದುಕೊಂಡೇ ಮಾತಾಡಿದಳು. ಮಗು ಗಟ್ಟಿಮುಟ್ಟಾಗಿದೆ, ರಕ್ತದ ಪರೀಕ್ಷೆಗಳೆಲ್ಲ ಸರಿಯಾಗಿವೆ, ಜೀವಕ್ಕೆ ಏನೂ ತೊಂದರೆಯಿಲ್ಲ. ಆದರೆ ಕೆಳಗಿನ ಮೈ ಪೂರ್ತಿ ಗಂಡಿನಂತೆಯೂ ಇಲ್ಲ, ಪೂರ್ತಿ ಹೆಣ್ಣಿನಂತೆಯೂ ಇಲ್ಲ. ಇಂಥ ಮಕ್ಕಳು ಎಲ್ಲ ದೇಶಗಳಲ್ಲೂ ಹುಟ್ಟುತ್ತವೆ. ಚಿಕ್ಕಂದಿನಲ್ಲೇ ಒಂದು ಶಸ್ತ್ರಚಿಕಿತ್ಸೆ ಮಾಡಿಸಿದರೆ ಒಂದು ಕಡೆಗೆ ಆಗಿಬಿಡುತ್ತದೆ. ಮಗುವಿಗೆ ನೆನಪಿರುವುದಿಲ್ಲ. ಯಾರಿಗೂ ಗೊತ್ತಾಗುವುದೂ ಇಲ್ಲ.

ಒಂದೊಂದೇ ವಾಕ್ಯವನ್ನು ದಾಟಿಸಿದೆ. ಕೊನೆಯದನ್ನು ಎರಡು ಸಲ ಹೇಳಬೇಕಾಯಿತು.

ನಾನೂ ಅಂಥದೇ ಮಗುವಾಗಿದ್ದೆ. ಅಂತರಲಿಂಗಿ ಎಂಬ ಪದ ನನಗೆ ಸಿಕ್ಕಿದ್ದು ಓದು ಮುಗಿಸಿದ ಮೇಲೆ. ಅಮ್ಮ ನನ್ನನ್ನು ದೋಣಿಯಲ್ಲಿ ದೊಡ್ಡ ದ್ವೀಪದ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಾನು ಹೊಸ ಬಿಳಿ ಕಾಲುಚೀಲ ಹಾಕಿಕೊಂಡಿದ್ದೆ. ಯಾಕೆ ಹೋಗಿದ್ದೆವು ಎಂದು ಆಮೇಲೆ ಕೇಳಿದಾಗಲೆಲ್ಲ ಅಮ್ಮ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಳ್ಳುತ್ತಿದ್ದಳು. ಇಸ್ತ್ರಿ ಮಾಡಿದ ಬಟ್ಟೆಗೇ ಮತ್ತೆ ಇಸ್ತ್ರಿ ಮಾಡುತ್ತಿದ್ದಳು. ನಮ್ಮ ಮನೆಯಲ್ಲಿ ಮೌನಕ್ಕೆ ಬಿಸಿ ಬಟ್ಟೆಯ ವಾಸನೆ ಇತ್ತು. ವೈದ್ಯರು ಹೇಳಿದ್ದು ಸರಿಯೇ, ಯಾರಿಗೂ ಗೊತ್ತಾಗಲಿಲ್ಲ. ನನಗೆ ಮಾತ್ರ ಗೊತ್ತಾಯಿತು.

ಈಗ ನನ್ನ ಫೋನಿನೊಳಗೆ ನಮ್ಮಂಥವರದೊಂದು ಗುಂಪು ಇದೆ. ಕಿಂಗ್‌ಸ್ಟನ್ನಿನ ಬಸ್ ಚಾಲಕ, ಬರ್ಮಿಂಗ್‌ಹ್ಯಾಮಿನ ನರ್ಸ್, ಬಹಿಯಾದ ಹೊಲಿಗೆಯವಳು. ಎಲ್ಲರ ಪೂರ್ವಿಕರೂ ಆಫ್ರಿಕಾದಿಂದ ಒಂದೇ ಕಡಲು ದಾಟಿದವರು, ಎಲ್ಲರಿಗೂ ಮನೆಯಲ್ಲಿ ಇಂಥದೇ ಒಂದೊಂದು ಮೌನ. ಬಹಿಯಾದವಳದು ಮಾತ್ರ ಬೇರೆ ಕಥೆ. ಆಸ್ಪತ್ರೆಗೆ ಒಯ್ಯಬೇಕಾದ ದಿನ ಅವಳ ಅಜ್ಜಿ ಅವಳನ್ನು ಬಟ್ಟೆಯ ಮೂಟೆಯೊಳಗೆ ಬಚ್ಚಿಟ್ಟು ಮೇಲೆ ಕೂತಿದ್ದಳಂತೆ. ಅಕುನ್ನಾಳ ಹೆಸರು ಹೇಳದೆ ಮಗುವಿನ ವಿಷಯ ತಿಳಿಸಿದಾಗ ಅವಳು ಕೇಳಿದ್ದು ಒಂದೇ ಮಾತು: "ಆ ಮಗುಗೆ ಅಜ್ಜಿ ಇದಾಳಾ?"

ಇದ್ದಳು. ಅದೇ ಅಕುನ್ನಾಳ ಭಯ.

ಇಗ್ಬೊ ಜನರಲ್ಲಿ ಬಾಣಂತನ ಮಾಡುವುದು ಹುಡುಗಿಯ ತಾಯಿಯ ಹಕ್ಕು. ಮಗುವಿಗೆ ನೀರು ಹಾಕುವವಳು ಅವಳೇ, ಬೇರೆ ಯಾರೂ ಮುಟ್ಟುವಂತಿಲ್ಲ. ಬೇಡ ಎಂದರೆ ಆಯುಷ್ಯವಿಡೀ ಮರೆಯದ ಅವಮಾನ. ನೀರು ಹಾಕಲು ಬಟ್ಟೆ ಬಿಚ್ಚಲೇಬೇಕು. ಅಜ್ಜಿಯ ವೀಸಾ ತಡವಾಗುತ್ತಿದೆ ಎಂಬುದು ಗಂಡ ಹೆಂಡತಿ ಇಬ್ಬರಿಗೂ ಸಮಾಧಾನದ ಸಂಗತಿಯಾಗಿತ್ತು. ಅಜ್ಜಿ ಬರುವ ತನಕ ಮಗುವನ್ನು ಯಾರಿಗೂ ತೋರಿಸುವುದಿಲ್ಲ ಎಂದು ಬಾಗಿಲು ಹಾಕಿಕೊಂಡರು. ಎರಡು ವಾರದಾಚೆಯ ಗುರುವಾರ ಶಸ್ತ್ರಚಿಕಿತ್ಸೆ ಎಂದು ಗೊತ್ತು ಮಾಡಿಕೊಂಡು ಬಂದರು.

"ಅಮ್ಮ ಬರೋ ಹೊತ್ತಿಗೆ ಗಾಯ ಮಾಯ್ದಿರತ್ತೆ" ಎಂದ ಎಮೆನಿಕೆ.

"ನೀನೇನಂತೀಯ ಅಕ್ಕ?" ಎಂದು ಅಕುನ್ನಾ ನನ್ನನ್ನು ಕೇಳಿದಳು.

ನನ್ನ ಕಥೆ ಹೇಳಬೇಕಿತ್ತು. ಆಗಲಿಲ್ಲ. "ಅವಸರ ಯಾಕೆ" ಎಂದಷ್ಟೇ ಅಂದೆ. ಅವಸರ ಯಾಕೆಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಆದರೆ ಅವಳಿಯ ಸುದ್ದಿ ಅಷ್ಟರಲ್ಲಿ ಸಮುದ್ರ ದಾಟಿ ಅಕುನ್ನಾಳ ಊರು ತಲುಪಿತ್ತು. ಚರ್ಚಿನಲ್ಲಿ ಸಾರಿ ಹೇಳಿದರಂತೆ. ಮಗಳು ಪರದೇಶದಲ್ಲಿ ಎರಡೆರಡು ಮಕ್ಕಳನ್ನು ಇಟ್ಟುಕೊಂಡು ಒಬ್ಬಳೇ ಒದ್ದಾಡುತ್ತಿದ್ದಾಳೆಂದು ಅಜ್ಜಿ ವೀಸಾ ಕಚೇರಿಗೆ ಹೋಗಿ, ಊಟದ ಡಬ್ಬಿ ಬಿಚ್ಚಿಕೊಂಡು ಅಲ್ಲೇ ಕೂತುಬಿಟ್ಟಳಂತೆ. ಆ ಗುರುವಾರಕ್ಕೆ ಮೂರು ದಿನ ಇರುವಾಗ, ಸೋಮವಾರ, ಅಕುನ್ನಾಗೆ ಫೋನ್ ಬಂತು.

"ನಾಳೆ ಬರ್ತಿದೀನಿ. ನೀರೊಲೆ ಇದೆಯೋ ಇಲ್ವೋ ಅಲ್ಲಿ?"

ವಿಮಾನ ನಿಲ್ದಾಣಕ್ಕೆ ಎಮೆನಿಕೆಯ ಜೊತೆ ನಾನೂ ಹೋಗಿದ್ದೆ. ಸುಂಕದ ಅಧಿಕಾರಿಗಳು ಅಜ್ಜಿಯ ಗೆಣಸುಗಳನ್ನು ತೆಗೆದಿಟ್ಟುಕೊಂಡಿದ್ದರು. ಒಣಮೀನಿನ ಚೀಲದ ಮೇಲೆ ಅವಳು ಕೂತಿದ್ದರಿಂದ ಅದು ಉಳಿದಿತ್ತು. ಎತ್ತರದ, ಒಣಗಿದ, ನೆಟ್ಟಗಿನ ಹೆಂಗಸು. ಹೆಸರು ಒರಿಯಾಕು.

"ಗೆಣಸು ಕಿತ್ಕೊಂಡ ಹುಡುಗ ಸಣಕಲು" ಎಂದಳು ನನಗೆ. "ತಿನ್ನಲಿ ಬಿಡು. ನೀನ್ಯಾರು?"

"ಎದುರು ಮನೆ ಟೀಚರ್, ಅಮ್ಮ."

"ನೀನೂ ಸಣಕಲೇ."

ಅವಳ ಚೀಲದ ಬಾಯಲ್ಲಿ ಎರಡು ಪುಟ್ಟ ಉಣ್ಣೆ ಟೋಪಿಗಳು ಕಾಣುತ್ತಿದ್ದವು, ಒಂದು ಹಳದಿ, ಒಂದು ಹಸಿರು. ದಾರಿಯುದ್ದಕ್ಕೂ ಎಮೆನಿಕೆ ಕಿಟಕಿಯಾಚೆಯೇ ನೋಡುತ್ತಿದ್ದ. ಟ್ಯಾಕ್ಸಿಯವನಿಗೆ ದಾರಿ ಹೇಳುವ ನೆಪದಲ್ಲಿ ನಾನೂ ಮುಂದೆ ನೋಡುತ್ತ ಕೂತೆ.

ಮನೆಗೆ ಬಂದವಳೇ ಅಜ್ಜಿ ಕೈತೊಳೆದು ತೊಟ್ಟಿಲಿನ ಹತ್ತಿರ ಹೋದಳು. ಬಗ್ಗಿ ನೋಡಿದಳು. ಹಾಸಿಗೆಯ ಕಡೆ ನೋಡಿದಳು. ಒಳಕೋಣೆಗೆ ಹೋಗಿ ಬಂದಳು.

"ಇನ್ನೊಂದೆಲ್ಲಿ?"

ಅಕುನ್ನಾ ಉಟ್ಟ ಬಟ್ಟೆಯ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿ ಮಗಳ ಮುಖವನ್ನೇ ನೋಡುತ್ತ ನೋಡುತ್ತ ಮೆಲ್ಲಗೆ ನೆಲದ ಮೇಲೆ ಕೂತಳು. ಅಷ್ಟು ನೆಟ್ಟಗಿದ್ದ ಬೆನ್ನು ಬಾಗಿತು.

"ಯಾವುದು ಹೋಯ್ತು?" ಎಂದಳು. "ಯಾವಾಗ?"

"ಯಾವುದೂ ಹೋಗಿಲ್ಲಮ್ಮ" ಅಕುನ್ನಾ ಅಳುತ್ತ ಅಂದಳು. "ಮೊದಲಿಂದ್ಲೂ ಇದೊಂದೇ. ಅವಳಿ ಅಂತ ಜನ ಅಂದ್ಕೊಂಡ್ರು. ನಾವು ಸುಮ್ನಿದ್ವಿ."

ಅಜ್ಜಿ ಕಣ್ಣು ಮುಚ್ಚಿದಳು. ಆಮೇಲೆ ಉಸಿರು ಬಿಟ್ಟಳು. ವಿಮಾನ ಹತ್ತಿದಾಗಿನಿಂದ ಹಿಡಿದಿಟ್ಟ ಉಸಿರೇನೋ ಎಂಬಷ್ಟು ದೊಡ್ಡದು.

"ಸತ್ತಿಲ್ವಲ್ಲ" ಎಂದಳು. "ಹಾಗಾದ್ರೆ ನೀರು ಕಾಯ್ಸು. ಮೂರ್ಖರು."

ಸ್ನಾನದ ಕೋಣೆಯಲ್ಲಿ ಅವಳು ಪುಟ್ಟ ಮಣೆಯ ಮೇಲೆ ಕಾಲು ಚಾಚಿ ಕೂತಳು. ಅಕುನ್ನಾ ಗೋಡೆಗೊರಗಿದಳು. ಎಮೆನಿಕೆ ಹೊಸ್ತಿಲಾಚೆ ನಿಂತ, ಒಳಗೆ ಬರುವ ಧೈರ್ಯವೂ ಇಲ್ಲ, ಹೋಗುವ ಮನಸ್ಸೂ ಇಲ್ಲ. ಟವೆಲ್ ಹಿಡಿದುಕೊಳ್ಳಲು ನನ್ನನ್ನು ಕರೆದಿದ್ದರು. ಅಜ್ಜಿ ಬಟ್ಟೆ ಬಿಚ್ಚಿದಳು.

ಅವಳ ಕೈ ನಿಂತಿತು.

ಆ ಮೌನ ನನಗೆ ಹಳೆಯ ಪರಿಚಯ. ನನ್ನ ಮೈ ನೋಡಿದ ನರ್ಸುಗಳ ಕೈಗಳು ಹೀಗೇ ನಿಲ್ಲುತ್ತಿದ್ದವು, ಆಮೇಲೆ ಅವರು ಹೊರಗೆ ಹೋಗಿ ಇನ್ನೊಬ್ಬರನ್ನು ಕರೆದುಕೊಂಡು ಬರುತ್ತಿದ್ದರು. ಅಜ್ಜಿ ಯಾರನ್ನೂ ಕರೆಯಲಿಲ್ಲ. ಮಗುವನ್ನು ಕಾಲ ಮೇಲೆ ಸರಿಯಾಗಿ ಮಲಗಿಸಿಕೊಂಡು ಬೊಗಸೆಯಿಂದ ಬೆಚ್ಚಗಿನ ನೀರು ಸುರಿದಳು.

"ಹಾಲು ಕುಡಿಯತ್ತಾ?"

"ಚೆನ್ನಾಗಿ ಕುಡಿಯತ್ತಮ್ಮ."

"ಉಚ್ಚೆ ಸರಿಯಾಗಿ ಹೊಯ್ಯತ್ತಾ?"

ಅಕುನ್ನಾ ಉತ್ತರಿಸುವ ಮೊದಲೇ ಮಗು ಉತ್ತರ ಕೊಟ್ಟಿತು. ಅಜ್ಜಿಯ ರವಿಕೆಯಿಂದ ಗಲ್ಲದವರೆಗೆ.

"ಸರಿ, ಗೊತ್ತಾಯ್ತು" ಎಂದು ಅಜ್ಜಿ ಮುಖ ಒರೆಸಿಕೊಂಡಳು. "ಇದಕ್ಕಾ ನೀವಿಬ್ರೂ ಹೆಣ ನೋಡಿದವರ ಥರ ನಿಂತಿರೋದು?"

ಎಮೆನಿಕೆ ಹೊಸ್ತಿಲಿನಿಂದಲೇ ಶಸ್ತ್ರಚಿಕಿತ್ಸೆಯ ವಿಷಯ ಹೇಳಿದ. ಅಜ್ಜಿ ಮಗುವಿನ ಬೆನ್ನಿಗೆ ಎಣ್ಣೆ ತಿಕ್ಕುತ್ತ ಕೇಳಿದಳು.

"ಏನನ್ನ ಕೊಯ್ತಾರೆ?"

"ಒಂದು ಕಡೆಗೆ ಮಾಡ್ತಾರಂತೆ ಅಮ್ಮ."

"ಯಾವ ಕಡೆಗೆ?"

"ಅದನ್ನ ನಾವು ಹೇಳಬೇಕಂತೆ."

"ನಿನಗೆ ಗೊತ್ತಾ ಯಾವ ಕಡೆ ಅಂತ?"

ಎಮೆನಿಕೆ ಇಲ್ಲವೆಂದು ತಲೆಯಾಡಿಸಿದ.

"ನನಗೂ ಗೊತ್ತಿಲ್ಲ. ಗೊತ್ತಿರೋದು ಇದಕ್ಕೊಂದಕ್ಕೇ, ಇದಕ್ಕಿನ್ನೂ ಮಾತು ಬಂದಿಲ್ಲ. ಮಾತು ಬರಲಿ. ಆಮೇಲೆ ಬೇಕು ಅಂದ್ರೆ ಅದೇ ಹೋಗಿ ಕೇಳ್ಕೊಳ್ಳಲಿ."

"ಶಾಲೇಲಿ ನಗ್ತಾರಮ್ಮ ಮಕ್ಕಳು."

"ನೀನು ಹೆಣ್ಣು ನೋಡೋಕೆ ಬಂದಾಗ ನಿನ್ನ ಕಿವಿ ನೋಡಿ ನಮ್ಮೂರಿಗೆ ಊರೇ ನಕ್ತು. ಕೊಯ್ಸಿದ್ನಾ? ಮಗಳನ್ನೇ ಕೊಟ್ಟೆ."

ಅಕುನ್ನಾ ಅಳುತ್ತಿದ್ದವಳು ನಕ್ಕುಬಿಟ್ಟಳು. ಎಮೆನಿಕೆಯ ಕೈ ತಾನಾಗಿ ಕಿವಿಗೆ ಹೋಯಿತು. ಆದರೆ ಅವನು ಸುಲಭಕ್ಕೆ ಬಿಡುವವನಲ್ಲ. ಅವನದು ಹಟವಲ್ಲ, ಹೆದರಿಕೆ. "ಈಗಲೇ ಮಾಡಿಸಿದ್ರೆ ನೆನಪೇ ಇರಲ್ಲ ಅಂದ್ರು ಡಾಕ್ಟರು" ಎಂದ. "ದೊಡ್ಡದಾದ ಮೇಲೆ ಯಾಕೆ ಮಾಡಿಸಲಿಲ್ಲ ಅಂತ ನನ್ನ ಮೇಲೆ ಸಿಟ್ಟಾದ್ರೆ? ಯಾರನ್ನ ಕೇಳೋದು ಇದನ್ನ? ಇಂಥವರು ಯಾರನ್ನಾದ್ರೂ ಕಂಡಿದೀವಾ ನಾವು?"

ಟವೆಲ್ ನನ್ನ ಕೈಯಲ್ಲಿ ಬೆಚ್ಚಗಿತ್ತು. ಇಸ್ತ್ರಿ ಮಾಡಿದ ಬಟ್ಟೆಯಂತೆ.

"ನನ್ನನ್ನ ಕೇಳು" ಎಂದೆ.

ಮೂವರೂ ನನ್ನ ಕಡೆ ತಿರುಗಿದರು. ಇಗ್ಬೊ ಭಾಷೆಯಲ್ಲಿಯೇ ಹೇಳಿದೆ. ತಪ್ಪುತಪ್ಪಾಗಿ ಹೇಳಿರಬೇಕು, ಆದರೆ ಅಂದು ಯಾರೂ ನಗಲಿಲ್ಲ. ನಾನೂ ಹೀಗೇ ಹುಟ್ಟಿದವಳು, ನನಗೆ ಮಾಡಿದರು, ಒಂದು ಸಲವಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ನೆನಪಿರುವುದಿಲ್ಲ ಎಂದರು, ಆದರೆ ಇವತ್ತಿಗೂ ಹೋಟೆಲಿನಲ್ಲಿ ಸ್ಟೀಲ್ ತಟ್ಟೆಗೆ ಚಮಚ ತಾಗಿದ ಸದ್ದು ಕೇಳಿದರೆ ನಾನು ಊಟ ಬಿಟ್ಟು ಎದ್ದು ನಿಲ್ಲುತ್ತೇನೆ. ನಾನು ಹುಟ್ಟಿದಾಗ ಅಮ್ಮ ತನಗೆ ಜ್ವರ ಎಂದು ನೆರೆಯವರಿಗೆ ಹೇಳಿ ಕಿಟಕಿ ಪರದೆ ಎಳೆದುಕೊಂಡಿದ್ದಳಂತೆ. ಮಗು ನೋಡಲು ಯಾರೂ ಬರಲಿಲ್ಲ.

"ಅಮ್ಮನ ಮೇಲೆ ಸಿಟ್ಟಿದೆಯಾ ಅಕ್ಕ?" ಅಕುನ್ನಾ ಕೇಳಿದಳು.

"ಮಾಡಿಸಿದ್ದಕ್ಕೆ ಅಷ್ಟಿಲ್ಲ. ಮಾತಾಡದೇ ಇದ್ದದ್ದಕ್ಕೆ ಇದೆ."

ಎಮೆನಿಕೆ ಹೊಸ್ತಿಲು ದಾಟಿ ಒಳಗೆ ಬಂದು, ನನ್ನ ಕೈಯಿಂದ ಟವೆಲ್ ತೆಗೆದುಕೊಂಡು, ಅತ್ತೆಯ ಕಾಲ ಮೇಲಿಂದ ಮಗುವನ್ನು ತಾನೇ ಎತ್ತಿ ಸುತ್ತಿಕೊಂಡ. "ಗುರುವಾರ ಬೇಡ" ಎಂದ. ಮಗುವಿಗೆ ಹೇಳಿದನೋ ನಮಗೆ ಹೇಳಿದನೋ ತಿಳಿಯಲಿಲ್ಲ.

ಅಜ್ಜಿ ಎದ್ದು ಅಡುಗೆಮನೆಗೆ ಹೋದಳು. ಬಾಣಂತಿಗೆಂದು ತಂದ ಒಣಮೀನು, ಉಝೀಝಾ ಮೆಣಸು, ಉದಾ ಎಂಬ ಘಾಟು ಮಸಾಲೆಕಾಯಿ ಹಾಕಿ ಸಾರು ಕುದಿಸಿದಳು. ಒಳಗಿನ ಗಾಯ ಮಾಯಲು ಕೊಡುವ ಸಾರು, ಮೂಗಿನಲ್ಲಿ ಕಣ್ಣಲ್ಲಿ ನೀರು ಬರಿಸುವಷ್ಟು ಖಾರ. ಮೊದಲ ಬಟ್ಟಲು ಅಕುನ್ನಾಗೆ ಕೊಟ್ಟಳು. ಎರಡನೆಯದನ್ನು ನನ್ನ ಮುಂದೆ ಇಟ್ಟಳು.

"ನಾನ್ಯಾಕಮ್ಮ? ಇದು ಬಾಣಂತಿದು."

"ಕೊಯ್ದ ಮೈಗೆ ಕೊಡೋದು ಇದು. ನಿನಗೆ ಆಗ ಯಾರೂ ಕೊಟ್ಟಿಲ್ಲ ತಾನೆ? ಈಗ ಕುಡಿ. ಪೂರ್ತಿ ಕುಡಿ, ಉಳಿಸಿದ್ರೆ ನನಗಾಗಲ್ಲ."

ಪೂರ್ತಿ ಕುಡಿದೆ. ಕಣ್ಣಲ್ಲಿ ನೀರು ಸುರಿಯಿತು. ಖಾರ ಜಾಸ್ತಿಯಾಯಿತೇ ಎಂದು ಯಾರೂ ಕೇಳಲಿಲ್ಲ.

ಮರುದಿನ ನಾವೆಲ್ಲ ಆಸ್ಪತ್ರೆಗೆ ಹೋದೆವು. ಅಜ್ಜಿ ವೈದ್ಯೆಯ ಎದುರಿನ ಕುರ್ಚಿಯಲ್ಲಿ ಕೂತು ಉದ್ದಕ್ಕೆ ಮಾತಾಡಿದಳು. ಅದರಲ್ಲಿ ಅವಳ ಅತ್ತೆ, ಎರಡು ಆಡು, ಅಳಿಯನ ಕಿವಿ, ಗೆಣಸು ಕಿತ್ತುಕೊಂಡ ಹುಡುಗ ಎಲ್ಲ ಬಂದವು. ಮುಗಿದ ಮೇಲೆ ವೈದ್ಯೆ ನನ್ನನ್ನು ನೋಡಿದಳು.

"ಅಜ್ಜಿ ಬೇಡ ಅಂತಾರೆ" ಎಂದೆ. "ಅಪ್ಪ ಅಮ್ಮನೂ ಬೇಡ ಅಂತಾರೆ. ಮಗು ದೊಡ್ಡದಾದ ಮೇಲೆ ಅದನ್ನೇ ಕೇಳೋಣ ಅಂತಾರೆ. ನಾನೂ ಅದನ್ನೇ ಹೇಳ್ತೀನಿ, ಯಾಕಂದ್ರೆ ನಾನೂ ಹೀಗೇ ಹುಟ್ಟಿದವಳು."

ಚೀನೀ ಭಾಷೆಯಲ್ಲಿ ಹೇಳುವುದು ಇಗ್ಬೊಗಿಂತ ಸುಲಭವಾಯಿತು. ಎರಡನೆಯ ಸಲ ಅಲ್ಲವೇ.

ವೈದ್ಯೆ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಪೆನ್ನು ಕೆಳಗಿಟ್ಟಳು. ಆಮೇಲೆ ಅಜ್ಜಿಯ ಕಡೆ ತಿರುಗಿ, "ಬಾಣಂತಿಗೆ ತಣ್ಣೀರು ಮುಟ್ಟಿಸ್ತಿಲ್ಲ ತಾನೆ?" ಎಂದಳು.

ನಾನು ದಾಟಿಸಿದೆ. "ತಣ್ಣೀರಾ?" ಎಂದು ಅಜ್ಜಿ ಹುಬ್ಬೇರಿಸಿದಳು. "ನನ್ನನ್ನ ಏನಂದ್ಕೊಂಡಿದಾಳೆ ಇವಳು?"

ಅದನ್ನೂ ದಾಟಿಸಿದೆ. ವೈದ್ಯೆ ನಕ್ಕಳು. ತನ್ನ ಮನೆಯಲ್ಲೂ ಅತ್ತೆ ಹೇಳಿದ ಮೇಲೆ ಮುಗಿಯಿತು, ತಾನು ವೈದ್ಯೆ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ ಎಂದಳು. ಗುರುವಾರದ್ದನ್ನು ತೆಗೆದುಹಾಕುತ್ತೇನೆ, ಮಗುವನ್ನು ಆಗಾಗ ತಂದು ತೋರಿಸಿ, ತೂಕ ನೋಡೋಣ, ಉಚ್ಚೆಗೆ ತೊಂದರೆಯಾದರೆ ತಕ್ಷಣ ಬನ್ನಿ ಎಂದಳು. ಉಚ್ಚೆಗೆ ತೊಂದರೆಯಿಲ್ಲ ಎಂಬುದಕ್ಕೆ ಅಜ್ಜಿಯ ರವಿಕೆ ಸಾಕ್ಷಿ ಎಂದು ನಾನು ಹೇಳಿದೆ.

ಇನ್ನು ಉಳಿದದ್ದು ಮಗುವನ್ನು ಎಲ್ಲರಿಗೂ ತೋರಿಸಿ ಹೆಸರಿಡುವ ಶನಿವಾರದ ಹಬ್ಬ. ಅಜ್ಜಿ ಬಂದಾಯಿತು, ಇನ್ನು ಬಾಗಿಲು ಹಾಕಿಕೊಳ್ಳಲು ನೆಪವಿಲ್ಲ. ಹೆಂಗಸರು ಅವಳಿ ಮಕ್ಕಳಿಗೆಂದು ಎಲ್ಲವನ್ನೂ ಎರಡೆರಡು ಕೊಂಡಿದ್ದರು.

"ಒಂದು ಉಪಾಯ ಇದೆ" ಎಂದ ಎಮೆನಿಕೆ. "ಒಂದ್ಸಲ ಹಳದಿ ಟೋಪಿ ಹಾಕಿ ತೋರ್ಸೋಣ. ಒಳಗೆ ಹೋಗಿ ಹಸಿರು ಟೋಪಿ ಹಾಕ್ಕೊಂಡು ಬರೋಣ."

"ಫೋಟೋಗೆ ಎರಡೂ ಒಟ್ಟಿಗೆ ತನ್ನಿ ಅಂತಾರೆ" ಎಂದಳು ಅಜ್ಜಿ. "ಆಗ ಇನ್ನೊಂದು ತೊಟ್ಟಿಲಲ್ಲಿ ನಿನ್ನನ್ನ ಮಲಗಿಸ್ಲಾ? ಸುಮ್ನಿರು. ನಾನು ಹೇಳ್ತೀನಿ."

ಕಾಂಗೋದವರ ಹೋಟೆಲಿನ ಮಹಡಿ ಶನಿವಾರ ಮಧ್ಯಾಹ್ನವೇ ತುಂಬಿತು. ಹೆಂಗಸರೆಲ್ಲ ಒಂದೇ ಬಗೆಯ ನೇರಳೆ ಬಟ್ಟೆ ಉಟ್ಟು ಬಂದಿದ್ದರು. ಗಂಡಸರು ಸಂಪ್ರದಾಯದಂತೆ ಕೋಲಾ ಬೀಜ ಒಡೆದು ಹಂಚಿಕೊಂಡು ಮೂಲೆಯಲ್ಲಿ ಕೂತಿದ್ದರು. ಕೇಕಿನ ಮೇಲೆ ಸಕ್ಕರೆಯ ಎರಡು ಗೊಂಬೆಗಳು. ಅಜ್ಜಿ ಮಗುವನ್ನೆತ್ತಿಕೊಂಡು ನಡುವೆ ಬಂದು ನಿಂತಳು. ಬೆನೆಡಿಕ್ಟಾ ಅವಳ ಬೆನ್ನ ಹಿಂದೆ ಇಣುಕಿದಳು.

"ಇನ್ನೊಂದೆಲ್ಲಿ ಅಮ್ಮ?"

"ನನ್ನ ಮಗಳು ಹೆತ್ತದ್ದು ಒಂದು. ಎರಡನೇದನ್ನ ಹೆತ್ತವರು ನೀವು."

ಗಂಡಸರು ಹೆಂಗಸರನ್ನು ನೋಡಿದರು, ಹೆಂಗಸರು ಗಂಡಸರನ್ನು.

"ಎಮೆನಿಕೆ ಗಂಡು ಅಂದ."

"ಅಕುನ್ನಾ ನನ್ನ ಮುಂದೇನೇ ಹೆಣ್ಣು ಅಂದ್ಲು."

"ಈ ಮಗುವಿನ ಹೆಸರು ಉಝೋಮಾ" ಎಂದು ಅಜ್ಜಿ ದನಿಯೇರಿಸಿದಳು. ಒಳ್ಳೆಯ ದಾರಿ ಎಂದು ಅದರ ಅರ್ಥ. "ಅವಳಿ ಅಂತ ನೀವು ಸುದ್ದಿ ಮಾಡಿರಲಿಲ್ಲ ಅಂದ್ರೆ ನನಗಿನ್ನೂ ವೀಸಾ ಸಿಕ್ತಿರಲಿಲ್ಲ. ಅದಕ್ಕೇ ಈ ಹೆಸರು."

ಬೆನೆಡಿಕ್ಟಾ ಬಿಡಲಿಲ್ಲ. "ಉಝೋಮಾ ಅಂತ ಗಂಡಿಗೂ ಇಡ್ತಾರೆ, ಹೆಣ್ಣಿಗೂ ಇಡ್ತಾರೆ. ಇದು ಯಾವುದಮ್ಮ?"

"ಇದು ಉಝೋಮಾ."

ತಟ್ಟೆ ಹಿಡಿದವರು ಹಿಡಿದಲ್ಲೇ ನಿಂತರು. ಅಕುನ್ನಾ ನನ್ನ ಕೈ ಹಿಡಿದುಕೊಂಡಳು. ಅಜ್ಜಿ ಕಣ್ಣು ಮಿಟುಕಿಸದೆ ಬೆನೆಡಿಕ್ಟಾಳನ್ನು ನೋಡುತ್ತಿದ್ದಳು. ಬೆನೆಡಿಕ್ಟಾ ನಾಲ್ಕು ಹೆತ್ತವಳು, ನೂರು ಮಕ್ಕಳನ್ನು ಎತ್ತಿ ಆಡಿಸಿದವಳು. ಅವಳ ಮುಖದಲ್ಲಿ ಏನೋ ಅರ್ಥವಾಗುತ್ತ ಬಂದದ್ದು ನನಗೆ ಕಂಡಿತು. ಅವಳು ಮಗುವನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಆಮೇಲೆ ಅಜ್ಜಿಯ ಚೀಲದಿಂದ ಹಳದಿ ಟೋಪಿಯನ್ನು ತೆಗೆದು ಮಗುವಿನ ತಲೆಗೆ ಹಾಕಿದಳು. ಅದರ ಮೇಲೆ ಹಸಿರು ಟೋಪಿಯನ್ನೂ ಹಾಕಿದಳು.

"ಇಲ್ಲಿ ಏಸಿ ಜಾಸ್ತಿ" ಎಂದಳು. "ಪೌಡರ್ ಎಲ್ಲಿ? ಯಾರು ಸತ್ರು ಅಂತ ಹೀಗೆ ನಿಂತಿದೀರ ಎಲ್ರೂ?"

ಹಾಡು ಶುರುವಾಯಿತು. ಪೌಡರಿನ ಡಬ್ಬಿಗಳು ಕೈಯಿಂದ ಕೈಗೆ ಹೋದವು. ಗಂಡಸರ ಮೂಲೆಯಲ್ಲಿ ಯಾರೋ "ಹಾಗಾದ್ರೆ ನಾವು ತಂದ ಎರಡನೇ ತೊಟ್ಟಿಲು ವಾಪಸ್ ಕೊಡ್ತೀಯಾ ಎಮೆನಿಕೆ?" ಎಂದು ಕೂಗಿದ.

"ಯಾವುದೂ ವಾಪಸ್ ಇಲ್ಲ" ಎಂದಳು ಅಜ್ಜಿ. ಮಗುವನ್ನು ಎಮೆನಿಕೆಗೆ ಕೊಟ್ಟು, ಡಬ್ಬಿಯೊಂದನ್ನು ಕಿತ್ತುಕೊಂಡು, ನೇರವಾಗಿ ನನ್ನ ಕಡೆ ಬಂದಳು. ಗೋಡೆಗೆ ಒತ್ತಿಕೊಂಡು ನಿಂತಿದ್ದ ನನ್ನನ್ನು ತೋಳು ಹಿಡಿದು ನಡುವೆ ಎಳೆದುಕೊಂಡು ಹೋದಳು.

"ಎರಡು ಪಾಲು ತಂದಿದೀರಲ್ಲ" ಎಂದಳು ಹೆಂಗಸರಿಗೆ. "ಈ ಟೀಚರು ಹುಟ್ಟಿದಾಗ ಯಾರೂ ಕುಣಿದಿಲ್ವಂತೆ. ಎರಡನೇ ಪಾಲು ಇವಳದು."

ಯಾಕೆ ಎಂದು ಯಾರೂ ಕೇಳಲಿಲ್ಲ. ಕುಣಿಯಲು ಕಾರಣ ಸಿಕ್ಕರೆ ಸಾಕು ಅವರಿಗೆ. ಬೆನೆಡಿಕ್ಟಾಳ ಅಂಗೈ ನನ್ನ ಕೊರಳಿಗೆ ಬಿತ್ತು, ಪೌಡರಿನ ಮೋಡ ಎದ್ದಿತು, ಇನ್ನೊಬ್ಬಳು ಕೆನ್ನೆಗೆ ಬಳಿದಳು, ಮತ್ತೊಬ್ಬಳು ಸೊಂಟ ಹಿಡಿದು ತಿರುಗಿಸಿದಳು. "ಸೊಂಟ ಬಗ್ಗಿಸು ಟೀಚರ್, ಇದು ಕ್ಲಾಸಲ್ಲ" ಎಂದರು. ಎಮೆನಿಕೆ ಒಂದು ತೋಳಲ್ಲಿ ಮಗು, ಇನ್ನೊಂದು ಕೈಯಲ್ಲಿ ನನ್ನ ಫೋನ್ ಹಿಡಿದುಕೊಂಡು ಎಲ್ಲವನ್ನೂ ವಿಡಿಯೊ ಮಾಡಿದ.

ಸಂಜೆ ಅದನ್ನು ನಮ್ಮ ಗುಂಪಿಗೆ ಕಳುಹಿಸಿ, ಅಜ್ಜಿಯ ಸಾರಿನ ಕಥೆಯನ್ನೂ ಬರೆದೆ. ಬಹಿಯಾದವಳಿಂದ ಮೊದಲು ಉತ್ತರ ಬಂತು: "ಅಜ್ಜಿ ಇದಾಳೆ ಅಂತ ಹೇಳಬೇಡ್ವಾ ಮೊದಲೇ. ಸುಮ್ನೆ ಹೆದರಿಸ್ದೆ." ಕಿಂಗ್‌ಸ್ಟನ್ನಿನವನು ಆ ಸಾರು ಮಾಡುವ ಬಗೆ ಕೇಳಿದ. ಒಣಮೀನು ಹಾಕಬೇಕು, ಎಂದು ಬರೆಯತೊಡಗಿದೆ. ಬೆರಳಿಗೆ ಅಂಟಿದ್ದ ಪೌಡರ್ ಫೋನಿನ ಗಾಜಿನ ತುಂಬ ಹರಡಿತು. ಒರೆಸಲು ಹೋಗಲಿಲ್ಲ. ನನ್ನ ಪಾಲಿಗೆ ಬಂದ, ಸಕ್ಕರೆಯ ಎರಡನೇ ಗೊಂಬೆ ಮೇಜಿನ ಮೇಲಿತ್ತು. ಅದರ ತಲೆಯನ್ನು ತಿಂದೆ.